ದಾರದ ಇನ್ನೊಂದು ತುದಿಗೆ ಒಬ್ಬರು ಬೇಕಾಗಿದ್ದಾರೆ

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ನಮ್ಮ ಮುದ್ರಣಾಲಯದ ವಾರ್ಷಿಕೋತ್ಸವಕ್ಕೆ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ವ್ಯವಸ್ಥಾಪಕರೇ, ಅಚ್ಚಿನ ವಿಭಾಗದ, ಹೊಲಿಗೆ ವಿಭಾಗದ, ಕತ್ತರಿಸುವ ವಿಭಾಗದ ಬಂಧುಗಳೇ, ಊಟದ ವಾಸನೆ ಬಂದರೂ ಕದಲದೆ ಕುಳಿತಿರುವ ಸಹನಾಮೂರ್ತಿಗಳಾದ ಸಭಿಕರೇ,

ನಾನು ಮಾತುಗಾರನಲ್ಲ. ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಮಾತುಗಳಿಗೆ ರಟ್ಟು ಹಾಕುತ್ತ ಬಂದವನು. ಪುಸ್ತಕ ಬರೆದವರನ್ನು ಜನ ಕರೆದು ಕೂರಿಸುತ್ತಾರೆ, ಅಚ್ಚು ಹಾಕಿದವರ ಹೆಸರು ಒಳಪುಟದಲ್ಲಿರುತ್ತದೆ, ಬೈಂಡು ಮಾಡಿದವನನ್ನು ಕೇಳುವವರು ಯಾರು? ಪುಟ ಕಿತ್ತು ಬಂದಾಗ ಮಾತ್ರ ಕೇಳುತ್ತಾರೆ. ಅಂಥವನನ್ನು ಇಂದು ವೇದಿಕೆ ಹತ್ತಿಸಿ ಸನ್ಮಾನ ಪತ್ರ ಕೊಟ್ಟಿದ್ದೀರಿ. ಸಂತೋಷವಾಗಿದೆ. ಇಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು.

ಆದರೆ ಈಗ ತಾನೇ ಓದಿದ ಪತ್ರದಲ್ಲಿ ಏನೆಂದು ಅಚ್ಚಾಗಿದೆ? "ದೃಷ್ಟಿಯಿಲ್ಲದ ಸಹೋದ್ಯೋಗಿಯನ್ನು ವಿದೇಶದ ನೆಲದಲ್ಲಿ ನಲವತ್ತೆರಡು ಕಿಲೋಮೀಟರ್ ಓಡಿಸಿದ ಧೀರ." ಓಡಿಸಿದ! ಕೇಳಿದವರು ನಾನೇನೋ ಕೋಲು ಹಿಡಿದು ಆ ಹೆಣ್ಣುಮಗಳನ್ನು ಅಟ್ಟಿಸಿಕೊಂಡು ಹೋದೆ ಎಂದುಕೊಳ್ಳಬೇಕು. ಕರಡು ತಿದ್ದುವ ಮಿತ್ರರು ತಲೆ ತಗ್ಗಿಸಿದ್ದಾರೆ. ಅಕ್ಷರದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆ. ಇದು ಅಕ್ಷರದ ತಪ್ಪಲ್ಲ, ಸಂಗತಿಯೇ ತಪ್ಪು. ಅದನ್ನು ತಿದ್ದದೆ ನಾನು ಮನೆಗೆ ಹೋಗಲಾರೆ.

ಆ ಸಹೋದ್ಯೋಗಿ ಯಾರೆಂದು ಹೊರಗಿನಿಂದ ಬಂದ ಅತಿಥಿಗಳಿಗೆ ತಿಳಿದಿರಲಾರದು. ನಮ್ಮ ಕಟ್ಟಡದ ಯಾವ ಫೋನಿನಲ್ಲಿ ಸೊನ್ನೆ ಒತ್ತಿದರೂ ಒಂದು ದನಿ ಸಿಗುತ್ತದೆ. ಆ ದನಿ ಅವರದು. ಅದಕ್ಕೇ ಇಡೀ ಮುದ್ರಣಾಲಯಕ್ಕೆ ಅವರು ಸೊನ್ನೆಯಕ್ಕ. ನನಗಿಂತ ಏಳು ವರ್ಷ ಚಿಕ್ಕವರು, ಆದರೂ ಅಕ್ಕ. ಹುಟ್ಟಿನಿಂದ ಕಣ್ಣು ಕಾಣದು. ಮೆಟ್ಟಿಲು ಹತ್ತುವ ಸದ್ದಿನಿಂದಲೇ ಬಂದವರು ಯಾರು, ಬೆಳಿಗ್ಗೆ ಮನೆಯಲ್ಲಿ ಜಗಳ ಆಡಿ ಬಂದರೋ ಇಲ್ಲವೋ ಎನ್ನುವುದನ್ನೂ ಹೇಳಿಬಿಡುತ್ತಾರೆ. ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ವೇದಿಕೆಗೆ ಬನ್ನಿ ಎಂದು ವ್ಯವಸ್ಥಾಪಕರು ಕರೆದರು, ಬರಲಿಲ್ಲ. "ನನಗೆ ಅಂತ ತಂದ ಹೂಗುಚ್ಛಾನ ಎಲ್ಲರೂ ನನ್ನ ಪಕ್ಕದಲ್ಲಿರೋರ ಕೈಗೆ ಕೊಡ್ತಾರೆ ಅಣ್ಣಾ. ನೀವೇ ಹೋಗಿ ಇಸ್ಕೊಳ್ಳಿ," ಎಂದರು.

ಮೂರು ವರ್ಷದ ಹಿಂದೆ ಒಂದು ದಿನ ಗೋಡೆ ಸವರಿಕೊಂಡು ನಮ್ಮ ವಿಭಾಗಕ್ಕೆ ಬಂದರು. "ಗಟ್ಟಿ ದಾರ ಇದ್ಯಾ?"

"ಏನು ಹೊಲೀತೀರಿ?"

"ಹೊಲಿಯೋಕಲ್ಲ. ಓಡೋಕೆ."

ನಾನು ನಕ್ಕೆ. ಹೌದು, ನಕ್ಕೆ, ಮುಚ್ಚಿಡುವುದೇಕೆ? ಅವರ ಅಕ್ಕನ ಮಗಳು ದಿನಾ ಜೊತೆಗೆ ಓಡುತ್ತಿದ್ದಳಂತೆ, ಮದುವೆಯಾಗಿ ಬೇರೆ ಊರಿಗೆ ಹೋದಳಂತೆ, ಹಳೆಯ ದಾರವೂ ಹರಿದಿತ್ತಂತೆ. ನಾನು ಹೊಲಿಗೆಯ ದಾರವನ್ನು ಮೂರೆಳೆ ಹೆಣೆದು, ಎರಡೂ ತುದಿಗೆ ಕೈ ತೂರುವಷ್ಟು ಕುಣಿಕೆ ಹಾಕಿ ಕೊಟ್ಟೆ. ಒಂದು ಕುಣಿಕೆಗೆ ಅವರು ಕೈ ತೂರಿಸಿದರು. ಇನ್ನೊಂದು ಗಾಳಿಯಲ್ಲಿ ತೂಗಾಡುತ್ತಿತ್ತು. "ಇದಕ್ಕೆ ಯಾರು?" ಎಂದು ಕೇಳಿದ್ದೇ ನನ್ನ ತಪ್ಪು.

ಜೊತೆಗೆ ಓಡುವವನ ಮುಖ್ಯ ಕೆಲಸ ಓಡುವುದಲ್ಲ, ಹೇಳುವುದು. ಎಡಕ್ಕೆ ತಿರುವು. ಉಬ್ಬು. ನೀರು. ನಾಯಿ, ಮಲಗಿದೆ. ನಾಯಿ, ಎದ್ದಿತು! ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ನಾನು ಬೆಳಗಿನ ಒಂದು ಗಂಟೆಯಲ್ಲಿ ಸಾವಿರ ಮಾತಾಡತೊಡಗಿದೆ. ನಮ್ಮ ಮನೆಯವರಿಗೆ ಇದು ತಿಳಿದು, "ಆ ದಾರದ ಒಂದು ತುದಿ ನನಗೂ ಕಟ್ಟಿ ನೋಡಿ," ಎಂದರು.

ಇಷ್ಟೆಲ್ಲ ಹೇಳುತ್ತಿದ್ದವನು ಒಂದನ್ನು ಮಾತ್ರ ಹೇಳಲಿಲ್ಲ. ನನ್ನ ಬಲಗಾಲಿನ ಮೀನಖಂಡ. ಹೊಲಿಗೆ ಯಂತ್ರದ ಪೆಡಲು ಒತ್ತಿ ಒತ್ತಿ ಅಲ್ಲಿನ ಸ್ನಾಯು ಆಗಾಗ ಕಲ್ಲಿನಂತೆ ಹಿಡಿದುಕೊಳ್ಳುತ್ತದೆ. ಹದಿನೈದು ದಿನ ಸುಮ್ಮನಿರುತ್ತದೆ, ವಾಸಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಕರೆಯದ ನೆಂಟನ ಹಾಗೆ ಮತ್ತೆ ಬಂದು ಕೂರುತ್ತದೆ. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, "ವಿಶ್ರಾಂತಿ ಕೊಡಿ," ಎಂದರು. ಆಯಿತು ಎಂದು ತಲೆಯಾಡಿಸಿ ಮಾರನೆಯ ದಿನವೇ ಓಡಿದೆ. "ಉಪ್ಪು ಕಮ್ಮಿ ಆದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀರ. ಕಾಲು ನೋವು ಅನ್ನೋಕೆ ಬಾಯಿ ಬರಲ್ವಾ?" ಎಂದು ಮನೆಯವರು ರೇಗಿದರು.

ಬರುವುದಿಲ್ಲ. ನಮ್ಮ ಮನೆತನಕ್ಕೇ ಬರುವುದಿಲ್ಲ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಬಾರದು. ನಮ್ಮಪ್ಪ ಹೊಟ್ಟೆನೋವು ಎಂದು ಒಂದು ದಿನವೂ ಹೇಳಿದವರಲ್ಲ. ಹೇಳಿದ ದಿನ ಡಾಕ್ಟರು, "ಆರು ತಿಂಗಳು ಮುಂಚೆ ಬಂದಿದ್ರೆ..." ಎಂದು ಅರ್ಧಕ್ಕೇ ಮಾತು ನಿಲ್ಲಿಸಿದರು. ಆ ವಾಕ್ಯದ ಇನ್ನರ್ಧವನ್ನು ನಾನು ಇವತ್ತಿಗೂ... ಇರಲಿ. ಇದು ವಿಷಯಾಂತರ. ಕ್ಷಮಿಸಬೇಕು.

ವಿದೇಶಕ್ಕೇ ಏಕೆ ಹೋದಿರಿ, ಇಲ್ಲಿ ರಸ್ತೆ ಇರಲಿಲ್ಲವೇ ಎಂದು ಹಲವರು ಕೇಳಿದ್ದಾರೆ. ನಮ್ಮ ನಗರದ ಮ್ಯಾರಥಾನಿಗೆ ಸೊನ್ನೆಯಕ್ಕ ಎರಡು ಸಲ ಅರ್ಜಿ ಹಾಕಿದರು, ಎರಡು ಸಲವೂ ಹಿಂದಕ್ಕೆ ಬಂತು. "ಓಟ ಶುರುವಾದ ಐದು ಗಂಟೆಯೊಳಗೆ ರಸ್ತೆ ತೆರೆಯಬೇಕು, ನೀವು ಅಷ್ಟರಲ್ಲಿ ಮುಗಿಸುವಿರಿ ಎನ್ನುವುದಕ್ಕೆ ಆಧಾರವಿಲ್ಲ." ಆಧಾರ ತಾನೇ, ತರುತ್ತೇನೆ ಎಂದರು ಇವರು. ದಾರ ಹಿಡಿದು ಓಡುವವರನ್ನು ಸೇರಿಸಿಕೊಳ್ಳುವ ಓಟವೊಂದನ್ನು ಸಮುದ್ರದಾಚೆ ಹುಡುಕಿದರು. ಅಲ್ಲಿ ಆರೂವರೆ ಗಂಟೆ ಕಾಲಾವಕಾಶ. ಇವರಿಗೆ ಬೇಕಿದ್ದದ್ದು ಐದು ಗಂಟೆಯೊಳಗಿನ ಒಂದು ಪ್ರಮಾಣಪತ್ರ. ದಯವಿಟ್ಟು ಇದನ್ನು ನೆನಪಿಡಿ. ಪದಕ ಅಲ್ಲ, ಫೋಟೋ ಅಲ್ಲ, ಐದು ಗಂಟೆ.

ಅಲ್ಲಿನ ನಿಯಮವೂ ಸರಳ. ಜೊತೆಗಾರ ದಾರ ಹಿಡಿದು ಎಳೆಯಬಾರದು. ಮೂವತ್ತನೇ ಕಿಲೋಮೀಟರಿನಲ್ಲಿ ಹಸಿರು ಅಂಗಿಯ ಬದಲಿ ಜೊತೆಗಾರರು ನಿಂತಿರುತ್ತಾರೆ. ಆಗದವನು ಅಲ್ಲಿ ದಾರ ಒಪ್ಪಿಸಿ ಪಕ್ಕಕ್ಕೆ ಸರಿಯಬಹುದು. ಅಲ್ಲಿಂದ ಮುಂದೆ ಬದಲಿಯಿಲ್ಲ. ಜೊತೆಗಾರ ನಿಂತರೆ ಇಬ್ಬರ ಓಟವೂ ಅಲ್ಲಿಗೇ ಮುಗಿಯಿತು.

ಆ ಬೆಳಿಗ್ಗೆ ಉಸಿರು ಬಿಟ್ಟರೆ ಹೊಗೆ ಕಾಣುವಂಥ ಚಳಿ. ರಸ್ತೆಯ ಎರಡೂ ಬದಿಗೆ ಜನ. ಅವರ ಭಾಷೆ ತಿಳಿಯಲಿಲ್ಲ, ಕೂಗು ತಿಳಿಯಿತು. ಸೊನ್ನೆಯಕ್ಕ ಗಾಳಿಯಂತೆ ಓಡುತ್ತಿದ್ದರು. ಹದಿನೆಂಟನೇ ಕಿಲೋಮೀಟರಿನಲ್ಲಿ ನನ್ನ ಕಾಲಿಗೆ ನೆಂಟ ಬಂದ. ಇಪ್ಪತ್ತೈದರಲ್ಲಿ ಹಾಸಿಗೆ ಬಿಚ್ಚಿದ. ಮೂವತ್ತರಲ್ಲಿ ಹಸಿರು ಅಂಗಿಯವರು ಸಾಲಾಗಿ ನಿಂತಿದ್ದರು. ಒಬ್ಬಳು ನನ್ನ ಕಾಲು ನೋಡಿ, ಮುಖ ನೋಡಿ, ಸರಿಯಾಗಿದ್ದೀರಾ ಎಂದು ಕೈಸನ್ನೆಯಲ್ಲೇ ಕೇಳಿದಳು.

ನಾನು ಏನು ಮಾಡಿದೆ ಗೊತ್ತೇ? ನಕ್ಕು, ಹೆಬ್ಬೆರಳು ಎತ್ತಿ ತೋರಿಸಿದೆ.

ಏಕೆ? ಸ್ವಾಮಿ, ಕೊನೆಯ ಗೆರೆಯ ಫೋಟೋದಲ್ಲಿ ಇನ್ನೊಬ್ಬರು ನಿಲ್ಲುತ್ತಾರಲ್ಲ ಎಂಬ ಹೊಟ್ಟೆಕಿಚ್ಚು. ಅಷ್ಟೇ. ಸೊನ್ನೆಯಕ್ಕನಿಗೆ ಹಸಿರು ಅಂಗಿಯೂ ಕಾಣಲಿಲ್ಲ, ನನ್ನ ಹೆಬ್ಬೆರಳೂ ಕಾಣಲಿಲ್ಲ. ದಾರಿಯಲ್ಲಿ ಏನಿದೆ ಎಂದು ಹೇಳಲು ಬಂದವನು, ಅಲ್ಲಿ ಏನಿತ್ತೆಂದು ಹೇಳಲೇ ಇಲ್ಲ.

ಮೂವತ್ತೊಂದು ದಾಟಿ ಒಂದು ಸೇತುವೆ. ಇಳಿಜಾರಿನಲ್ಲಿ ಮೀನಖಂಡ ಕಬ್ಬಿಣದಂತೆ ಗಂಟು ಕಟ್ಟಿತು. "ಹಿಡೀತು!" ಎಂಬ ಮಾತು ಬಾಯಿಗೆ ಬಂತು. ಪೂರ್ತಿ ಹೊರಬೀಳುವುದರೊಳಗೆ ನನ್ನ ಜಂಬ ಅದರ ಬಾಲ ಕಚ್ಚಿತು. "ಹಿಡಿ" ಎಂಬಷ್ಟೇ ಹೊರಗೆ ಬಂತು.

ಹಿಡಿ ಎಂದರೆ ಅವರು ಏನು ಮಾಡಬೇಕು? ಮುಂದೆ ಏನೋ ಅಪಾಯವಿದೆ ಎಂದುಕೊಂಡು ನನ್ನ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತುಬಿಟ್ಟರು. ಹಾಗೆ ಹಿಡಿದಿದ್ದರಿಂದಲೇ ನಾನು ಮುಗ್ಗರಿಸಿ ಬೀಳಲಿಲ್ಲ.

"ಏನಿದೆ ಮುಂದೆ?"

"ಏನಿಲ್ಲ."

"ಮತ್ತೆ ಹಿಡಿ ಅಂದ್ರಲ್ಲ?"

ಅವರೇ ಬಗ್ಗಿ ನನ್ನ ಕಾಲು ಮುಟ್ಟಿ ನೋಡಿದರು. "ಹದಿನೆಂಟರಿಂದಲೂ ನಿಮ್ಮ ಬಲಗಾಲಿನ ಸದ್ದು ತಡವಾಗಿ ಬೀಳ್ತಿದೆ. ನೀವಾಗೇ ಹೇಳ್ತೀರ ಅಂತ ಕಾದೆ. ಕೇಳ್ದೆ ಇದ್ದಿದ್ದು ನನ್ನದೂ ತಪ್ಪು. ರಸ್ತೇಲಿರೋ ಗುಂಡಿ ಎಲ್ಲ ಹೇಳಿದ್ರಿ ಅಣ್ಣಾ, ನಿಮ್ಮ ಕಾಲಲ್ಲಿರೋ ಗುಂಡಿ ಯಾಕೆ ಹೇಳ್ಲಿಲ್ಲ?"

ಆಗ ಎಲ್ಲವನ್ನೂ ಹೇಳಿದೆ, ಹಸಿರು ಅಂಗಿಯವರ ವಿಷಯವನ್ನೂ. ನಾನು ಕ್ಷಮಿಸಿ ಎಂದೆ.

"ಉಸಿರು ದಂಡ ಮಾಡ್ಬೇಡಿ. ನೂರು ಹೆಜ್ಜೆ ನಡಿಗೆ, ನೂರು ಹೆಜ್ಜೆ ಓಟ. ಎಣಿಸೋದು ನಾನು. ಪ್ರತಿ ನೂರಕ್ಕೂ ನೋವು ಹತ್ತರಲ್ಲಿ ಎಷ್ಟು ಅಂತ ನೀವು ಜೋರಾಗಿ ಹೇಳ್ಬೇಕು."

ಏಳು ಎಂದೆ. ಎಂಟು ಎಂದೆ. ಆರೂವರೆ ಎಂದೆ. ಐವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ನೋವನ್ನು ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಿದೆ. ಹೇಳಿದ್ದರಿಂದ ನೋವು ಇಳಿಯಿತೇ? ಇಲ್ಲ, ಸುಳ್ಳು ಹೇಳಲಾರೆ. ಭಯ ಇಳಿಯಿತು. ಒಂದು ಕಡೆ ಕಣ್ಣೀರೂ ಬಂತು. ಅವರಿಗೆ ಕಾಣದಲ್ಲ ಎಂಬ ಧೈರ್ಯದಲ್ಲಿ ಒರೆಸಿಕೊಳ್ಳಲಿಲ್ಲ. "ಅಳ್ತಾ ಓಡಿದ್ರೆ ಉಸಿರು ಕಟ್ಟತ್ತೆ ಅಣ್ಣಾ," ಎಂದರು.

ಆರು ಗಂಟೆ ಹನ್ನೊಂದು ನಿಮಿಷಕ್ಕೆ ಗೆರೆ ದಾಟಿದೆವು. "ಎಷ್ಟು?" ಎಂದು ಕೇಳಿದರು. ಹೇಳಿದೆ. ಒಂದು ಕ್ಷಣ ಅವರ ಮುಖ ಬಾಡಿತು. ಆಮೇಲೆ, "ಮುಗಿಸಿದ್ವಲ್ಲ," ಎಂದರು. ನಾನು ಕಳೆದದ್ದು ಅವರ ಐದು ಗಂಟೆಯನ್ನು. ಅವರು ಉಳಿಸಿದ್ದು ನಮ್ಮಿಬ್ಬರ ಓಟವನ್ನು. ಈಗ ಹೇಳಿ, ಯಾರು ಯಾರನ್ನು ಓಡಿಸಿದರು?

ಅಧ್ಯಕ್ಷರೇ, ಇನ್ನೆರಡೇ ನಿಮಿಷ. ಮುಂದಿನ ವರ್ಷದ ಅದೇ ಓಟಕ್ಕೆ ಸೊನ್ನೆಯಕ್ಕನಿಗೆ ಮತ್ತೆ ಅವಕಾಶ ಸಿಕ್ಕಿದೆ. ಬರುವ ಶುಕ್ರವಾರದೊಳಗೆ ಜೊತೆಗಾರರ ಹೆಸರು ಕಳಿಸಬೇಕು. ಆ ಹೆಸರು ನನ್ನದಲ್ಲ. ಡಾಕ್ಟರಮ್ಮ ಆರು ತಿಂಗಳು ಓಡಬೇಡಿ ಎಂದಿದ್ದಾರೆ. ಈ ಸಲ ತಲೆಯಾಡಿಸಿದ್ದಷ್ಟೇ ಅಲ್ಲ, ಮಾತೂ ಕೇಳಿದ್ದೇನೆ. ಸೊನ್ನೆಯಕ್ಕ ಯಾರ ಹತ್ತಿರವೂ ಬೇಡುವವರಲ್ಲ. ಅದಕ್ಕೆ ಅವರ ಅಪ್ಪಣೆಯಿಲ್ಲದೆ ನಾನು ಕೇಳುತ್ತಿದ್ದೇನೆ, ಬೈಗುಳ ಆಮೇಲೆ ತಿನ್ನುತ್ತೇನೆ. ದಾರದ ಇನ್ನೊಂದು ತುದಿಗೆ ಒಬ್ಬರು ಬೇಕಾಗಿದ್ದಾರೆ. ಗಂಡಸಾದರೂ ಸರಿ, ಹೆಂಗಸಾದರೂ ಸರಿ. ವೇಗ ಮೆಲ್ಲಗೆ ಬರುತ್ತದೆ. ನೋವಾದಾಗ ನೋವು ಎಂದು ಕೂಗಲು ಬಂದರೆ ಸಾಕು. ನಾಳೆ ಬೆಳಿಗ್ಗೆ ಐದೂವರೆಗೆ, ಕಾಗದದ ಲಾರಿ ಬರುವ ಹಿಂದಿನ ಗೇಟಿನಲ್ಲಿ. ಗಡಿಯಾರ ಹಿಡಿದು ನಾನೂ ಬದಿಯಲ್ಲಿ ಕೂತಿರುತ್ತೇನೆ. ಯಾರಾದರೂ ಇದ್ದೀರಾ?

ಎಲ್ಲರೂ ಪಕ್ಕದವರ ಮುಖ ನೋಡುತ್ತಿದ್ದೀರಿ. ಸಹಜ. ನಾನೂ ಮೊದಲು ನಕ್ಕವನೇ...

ಅಕ್ಕಾ. ಎಡಗಡೆ, ಆರನೇ ಸಾಲು. ಒಂದು ಕೈ ಎದ್ದಿದೆ. ಕತ್ತರಿಸೋ ಯಂತ್ರದವರು. ಓಡ್ತಾರೋ ಇಲ್ವೋ ಗೊತ್ತಿಲ್ಲ, ಹಲ್ಲುನೋವು ಬಂದ್ರೆ ಮೂರು ಮಹಡಿಗೆ ಕೇಳಿಸತ್ತೆ. ಬಲಗಡೆ ಗೋಡೆ ಪಕ್ಕ ಇನ್ನೊಂದು. ಕರಡು ತಿದ್ದುವವರು, ಅರ್ಧ ಎತ್ತಿದಾರೆ. ಪೂರ್ತಿ ಎತ್ತಿ ಸ್ವಾಮಿ! ಎತ್ತಿದ್ರು. ಕ್ಯಾಂಟೀನ್ ಬಾಗಿಲಲ್ಲಿ ಎರಡು, ಸೌಟಿನ ಸಮೇತ. ಹಿಂದುಗಡೆ... ಅಕ್ಕಾ, ಹಿಂದುಗಡೆ ಎಲ್ಲರೂ ಎದ್ದು ನಿಂತಿದಾರೆ, ಎಣಿಸೋಕೆ ಆಗ್ತಿಲ್ಲ.

ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ನಾನು ಋಣಿ. ಈ ವೇದಿಕೆಗೆ ನಾಲ್ಕು ಮೆಟ್ಟಿಲಿವೆ. ಇಷ್ಟು ಹೊತ್ತು ನಿಂತು ನನ್ನ ಕಾಲು ನೋಯುತ್ತಿದೆ, ಹತ್ತರಲ್ಲಿ ಐದು. ಯಾರಾದರೂ ಬಂದು ಕೆಳಗಿಳಿಸಿಕೊಳ್ಳಿ.

ನಮಸ್ಕಾರ.