ಒಂದೇ ಸಾಲಿನ ಕೋಡು

ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಊಟದ ಡಬ್ಬಿ ಹಿಡಿದ ಇಬ್ಬರು ಹೆಂಗಸರು. ದೊಡ್ಡವರು ಮುಖ ಊದಿಸಿಕೊಂಡಿದ್ದರು.

“ನದಿಗಳ ನೀರಿನ ಮಟ್ಟದ ಸರಾಸರಿ ತೆಗೆಯೋಕೆ ನನ್ನ ಕಂಪ್ಯೂಟರ್ ಕೋಡು ನಲವತ್ತು ನಿಮಿಷ ತಗೋತಿತ್ತು ಕಣೇ. ಲೂಪು ಒಂದೊಂದೇ ಅಂಕಿ ಎತ್ಕೋತಿತ್ತು. ಆ ಹೊಸಬಳು ಅಂಕಿಗಳ ಇಡೀ ಅರೇನ, ಅಂದ್ರೆ ಪೂರ್ತಿ ಪಟ್ಟೀನ, ಒಂದೇ ಸಾಲಲ್ಲಿ ಮುಗಿಸಿದ್ಲು. ಎರಡೇ ಸೆಕೆಂಡು!”

“ಸಾಹೇಬ್ರು ಚಪ್ಪಾಳೆ ಹೊಡೆಸಿದ್ರಂತೆ?”

“ಹೊಟ್ಟೆ ಧಗಧಗ ಅಂತ ಉರೀತು. ಎರಡು ದಿನ ಆ ಸಾಲನ್ನೇ ದಿಟ್ಟಿಸ್ತಾ ಕೂತೆ. ತಪ್ಪು ಸಿಕ್ತು!”

“ಏನದು?”

“ನೀರಳೆಯೋ ಮೀಟರು ಕೆಟ್ಟಾಗ ಸೊನ್ನೆ ಬರುತ್ತಲ್ಲ, ನನ್ನ ಲೂಪು ಅದನ್ನ ಬಿಟ್ಟು ಲೆಕ್ಕ ಹಾಕುತ್ತೆ. ಅವಳದು ಸೊನ್ನೆನೂ ಸೇರಿಸಿಬಿಡುತ್ತೆ. ಸರಾಸರಿ ಇಳಿದುಹೋಗುತ್ತೆ. ಪ್ರವಾಹ ಬಂದ್ರೂ ಎಚ್ಚರಿಕೆ ಹೋಗಲ್ಲ.”

“ಅಯ್ಯೋ! ಹೇಳಿದ್ರಾ?”

“ಎಲ್ಲರ ಮುಂದೆ ಹೇಳೋಣ ಅಂತ ಇವತ್ತಿನ ಮೀಟಿಂಗ್‌ವರೆಗೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ.”

“ಆಮೇಲೆ?”

“ಅವಳೇ ಮೊದಲು ಎದ್ದು ನಿಂತ್ಲು. ‘ನಂದು ತಪ್ಪಾಗಿತ್ತು, ಅಕ್ಕನ ಹಳೇ ಕೋಡು ಓದಿದ್ಮೇಲೆ ಗೊತ್ತಾಯ್ತು, ಸರಿ ಮಾಡಿದೀನಿ’ ಅಂದ್ಲು. ನನಗೂ ಚಪ್ಪಾಳೆ ಹೊಡೆಸಿದ್ಲು.”

“ಒಳ್ಳೇದೇ ಆಯ್ತಲ್ಲ ಅಕ್ಕ!”

“ಏನು ಒಳ್ಳೇದು? ಬರೀ ಜಾಣೆ ಆಗಿದ್ರೆ ಹೇಗೋ ಸಹಿಸ್ಕೋತಿದ್ದೆ. ಒಳ್ಳೆಯವಳೂ ಆಗಬೇಕಿತ್ತಾ?”

ನೆಲಮಾಳಿಗೆಯಿಂದ ಲಿಫ್ಟು ಬಂತು. ಒಳಗಿದ್ದ ಹುಡುಗಿ ಬಾಗಿಲಿಗೆ ಕೈ ಅಡ್ಡ ಇಟ್ಟು ನಕ್ಕಳು.

“ಅಕ್ಕ, ಬನ್ನಿ ಬನ್ನಿ. ನಿಮ್ಮನ್ನ ನೋಡಿಯೇ ಬಾಗಿಲು ಹಿಡಿದೆ.”

“ಇಲ್ಲಮ್ಮ, ನೀನು ಹೋಗು,” ಅಂದ ದೊಡ್ಡವರು ಗೆಳತಿಯ ತೋಳು ಹಿಡಿದು ಎಳೆದರು. “ನಡಿಯೇ, ಮೆಟ್ಟಿಲು ಹತ್ತೋಣ.”

“ಅಕ್ಕ,” ಅಂದಳು ಗೆಳತಿ, “ನಮ್ಮದು ಒಂಬತ್ತನೇ ಮಹಡಿ!”