ಕೈ ಇಳಿಸಲಾ?

ಸ್ವಲ್ಪ ಹತ್ತಿರ ಬನ್ನಿ, ಇದು ಜೋರಾಗಿ ಹೇಳುವ ವಿಷಯವಲ್ಲ. ನಮ್ಮ ದೊಡ್ಡಪ್ಪನ ಮಗಳಿದ್ದಾಳಲ್ಲ, ನನ್ನ ಅಕ್ಕ... ಅವಳ ಮನೆಯಲ್ಲಿ ನಡೆದದ್ದು. ಆ ರಾತ್ರಿ ನಾನೂ ಅಲ್ಲಿದ್ದೆ.

ಪ್ರೆಸ್ಸಿನಲ್ಲಿ ಎರಡನೇ ಪಾಳಿ ಮುಗಿಸಿ ಬರುತ್ತಿದ್ದೆ. ಅಕ್ಕನ ಬೀದಿಯ ತಿರುವಿನಲ್ಲಿ ಒಂದು ಹಾಳು ಬಾವಿ, ಮೇಲೆ ತಗಡು ಮುಚ್ಚಿದ್ದಾರೆ. ಗಾಳಿಗೆ ತಗಡು ಡಬ್... ಡಬ್... ಅನ್ನುತ್ತಿತ್ತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಬಾವಿ ದಾಟಿ ತಲೆ ಎತ್ತಿದರೆ ಅಕ್ಕನ ಕಿಟಕಿಯಲ್ಲಿ ಟಾರ್ಚಿನ ಬೆಳಕು. ಎತ್ತರದಿಂದ ಓರೆಯಾಗಿ ಇಳಿದ ಬೆಳಕು.

ನಿಂತೇಬಿಟ್ಟೆ. ಆ ಬೆಳಕಿನ ಗುರುತು ನನಗಿತ್ತು.

ಅಕ್ಕನ ಕೆಲಸ ಹಳೇ ಆಟಿಕೆಗಳ ಚಿತ್ರ ಬರೆಯುವುದು. ಕೀ ಕೊಟ್ಟರೆ ಓಡುವ ತಗಡಿನ ಮೋಟಾರು, ಕಿವಿ ಮುರಿದ ಮರದ ಕುದುರೆ... ಎಲ್ಲ ಬಣ್ಣದ ಪೆನ್ಸಿಲ್ಲಿನಲ್ಲೇ. ಟ್ಯೂಬ್‌ಲೈಟಿನಲ್ಲಿ ತಗಡು ಸಪ್ಪೆಯಾಗಿ ಕಾಣುತ್ತದೆ, ಹೊಳಪು ಬರಬೇಕಾದರೆ ಒಂದು ಕಡೆಯಿಂದ ಬೆಳಕು ಬೀಳಬೇಕು ಅನ್ನುವಳು. ಹಾಗಾಗಿ ಊಟವಾದ ಮೇಲೆ ಟಾರ್ಚ್ ಹಿಡಿಯುವ ಕೆಲಸ ಭಾವನ ಪಾಲಿಗೆ. ನಮ್ಮ ಮನೆಯವರೆಲ್ಲ ಗಿಡ್ಡ. ಭಾವ ಮಾತ್ರ ಬಾಗಿಲಿಗೆ ಬಗ್ಗಿ ಬರುವಷ್ಟು ಉದ್ದ. ಏಣಿ ಭಾವ ಅಂತಲೇ ಕರೆಯುತ್ತಿದ್ದೆವು. ಮರದ ಬೀರುವಿನ ತಲೆಯ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ನಡುನಡುವೆ ಅದೇ ಪ್ರಶ್ನೆ.

"ಆಯ್ತಾ ತಾಯಿ? ಕೈ ಇಳಿಸಲಾ?"

"ಇನ್ನೊಂದು ಚೂರು ರೀ."

ಆ ಭಾವ ತೀರಿಕೊಂಡು ಆಗಲೇ ಕೆಲವು ತಿಂಗಳಾಗಿತ್ತು.

ಬಾಗಿಲು ತಳ್ಳಿದೆ. ಅಕ್ಕ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಒಂದು ತಗಡಿನ ಕೋಳಿ, ಕೀ ಕೊಟ್ಟರೆ ಕಾಳು ಹೆಕ್ಕುವಂಥದ್ದು. ಬಲಗಡೆ ಪುಟ್ಟ ಟೇಬಲ್ ಲ್ಯಾಂಪ್. ಪೆನ್ಸಿಲ್ಲು ಸರ್... ಸರ್... ಅಂತ ಹಾಳೆಯ ಮೇಲೆ ಓಡುತ್ತಿತ್ತು.

"ಟಾರ್ಚ್ ಯಾರು ಹಿಡಿದಿರೋದು ಅಕ್ಕ?"

"ಮೆಲ್ಲಗೆ ಮಾತಾಡು."

ಎಡಗಡೆ ಬೀರುವಿನ ಹತ್ತಿರ ಯಾರೂ ಇರಲಿಲ್ಲ. ಟಾರ್ಚೂ ಇರಲಿಲ್ಲ. ಕೋಳಿಯ ಕಡೆ ನೋಡಿದೆ. ದೀಪ ಬಲಕ್ಕಿದ್ದರೆ ನೆರಳು ಎಡಕ್ಕೆ ಬೀಳಬೇಕು ತಾನೇ? ಅದರ ನೆರಳು... ದೀಪದ ಕಡೆಗೇ ಬಿದ್ದಿತ್ತು.

ಪಿಸುದನಿಯಲ್ಲಿ ಕೇಳಿದೆ. "ಯಾವಾಗಿನಿಂದ?"

"ಈ ಕೋಳಿ ಮುಂದೆ ಮತ್ತೆ ಕೂತಾಗಿನಿಂದ. ಟ್ಯೂಬ್‌ಲೈಟ್ ಆರಿಸಿದ್ರೆ ಬರ್ತಾರೆ."

ಹಾಳೆಗೆ ಬಗ್ಗಿದೆ. ಪುಕ್ಕದ ಕೆಂಪು, ಬಣ್ಣ ಸವೆದ ಕಡೆಯ ತುಕ್ಕು, ಎಲ್ಲ ಮುಗಿದಿತ್ತು. ಬೆನ್ನ ಮೇಲಿನ ಕೀ ಮಾತ್ರ ಬರೀ ಗೆರೆ.

"ಅದನ್ಯಾಕೆ ಬಿಟ್ಟಿದ್ದೀಯ?"

"ಅದೂ ತುಂಬಿದ್ರೆ ಚಿತ್ರ ಮುಗೀತಲ್ಲ. ಕೈ ಇಳಿಸಿಬಿಡ್ತಾರೆ. ಆಮೇಲೆ... ಯಾಕೆ ಬರ್ತಾರೆ?"

ನನ್ನ ಭಯ ಹೋಯಿತು. ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತೆ.

ಅಷ್ಟರಲ್ಲಿ ಬೀರು ಕಿರ್ರ್... ಅಂದಿತು. ಒರಗಿ ನಿಂತವರು ಕಾಲು ಬದಲಿಸಿದರೆ ಅನ್ನುತ್ತದಲ್ಲ, ಹಾಗೆ. ಕೋಳಿಯ ನೆರಳು ನಡುಗತೊಡಗಿತು. ಸಣ್ಣಗೆ... ಬಿಡದೆ.

ಅಕ್ಕನ ಪೆನ್ಸಿಲ್ ನಿಂತಿತು.

"ಅವತ್ತು ರಾತ್ರೀನೂ ಹೀಗೇ ನಡುಗ್ತು," ಅಂದಳು. "ಈ ಕೋಳೀನೇ ಬರೀತಿದ್ದೆ. ಕೈ ನೋಯ್ತಿದೆ ಕಣೇ ಅಂದ್ರು. ದಿನಾ ಅನ್ನೋ ತಮಾಷೆ ಅಂದ್ಕೊಂಡೆ... ನೆಟ್ಟಗೆ ಹಿಡೀರಿ, ಇನ್ನೊಂದು ಚೂರು ಅಂದೆ. ಬೆಳಗ್ಗೆ ಏಳಲೇ ಇಲ್ಲ."

ಹೃದಯಾಘಾತ, ಕೈನೋವು ಅದರದೇ ಇರಬೇಕು ಅಂತ ಡಾಕ್ಟರು ಹೇಳಿದ್ದು ನಮಗೆಲ್ಲ ಗೊತ್ತಿತ್ತು. ಇನ್ನೊಂದು ಚೂರು ಅಂತ ತಾನು ಅಂದ ಮಾತು ಮಾತ್ರ ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನೆರಳು ನಡುಗುತ್ತಲೇ ಇತ್ತು. ಅಕ್ಕ ಬೀರುವಿನ ಕಡೆ ತಲೆ ಎತ್ತಿದಳು, ಭಾವನ ಮುಖ ಇರಬೇಕಾದ ಎತ್ತರಕ್ಕೆ. ಬಹಳ ಹೊತ್ತು ನೋಡಿದಳು. ಆಮೇಲೆ ಹಳದಿ ಪೆನ್ಸಿಲ್ ತೆಗೆದುಕೊಂಡು ಕೀ ತುಂಬತೊಡಗಿದಳು. ಕಣ್ಣೀರು ಹಾಳೆಗೆ ಬೀಳದ ಹಾಗೆ ಮುಖ ಪಕ್ಕಕ್ಕೆ ಹಿಡಿದಿದ್ದಳು. ಅಷ್ಟು ಬೇಗ ಅವಳು ಬಣ್ಣ ತುಂಬಿದ್ದನ್ನು ನಾನು ಯಾವತ್ತೂ ನೋಡಿಲ್ಲ.

"ಆಯ್ತು ರೀ," ಅಂದಳು. "ಕೈ ಇಳಿಸಿ."

ಟಕ್.

ಟಾರ್ಚಿನ ಗುಂಡಿಯ ಸದ್ದು. ಕೋಳಿಯ ನೆರಳು ಈಗ ಎಡಗಡೆಗಿತ್ತು. ಅಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಭಾವ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಮತ್ತೆ ಬರಲಿಲ್ಲ, ಎಷ್ಟು ಚಿತ್ರ ಬರೆದರೂ. ಈಗ ಟಾರ್ಚನ್ನು ಪುಸ್ತಕಗಳ ಮೇಲೆ ಇಟ್ಟುಕೊಂಡು ಬರೆಯುತ್ತಾಳೆ.

ನಗಬೇಡಿ, ಇದೊಂದು ಕೇಳಿ. ಭಾವ ಹೋದ ಮೇಲೆ ಆ ಕೋಣೆಯ ಗೋಡೆ ಕೆರೆಸಿ ಬಣ್ಣ ಹೊಡೆಸಿದ್ದೆವು. ಬೀರುವಿನ ತಲೆಯ ಮೇಲೆ ಸುಣ್ಣದ ಪುಡಿ ಉದುರಿತ್ತು. ನಮ್ಮ ಕಣ್ಣಿಗೆ ಎಟುಕದ ಜಾಗ, ಯಾರೂ ಒರೆಸಿರಲಿಲ್ಲ. ಆ ರಾತ್ರಿಯ ಮಾರನೇ ಬೆಳಗ್ಗೆ ಸ್ಟೂಲ್ ಹತ್ತಿ ನಾನೇ ನೋಡಿದೆ. ಪುಡಿ ಬೆಳ್ಳಗೆ ಹಾಗೇ ಹರಡಿತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ, ಮೊಣಕೈ ಊರುವಷ್ಟು ಜಾಗದಲ್ಲಿ, ಮರ ಕಾಣುತ್ತಿತ್ತು.