ಹಾಳೆಯ ಮೇಲಿನ ಸೊನ್ನೆ

ಅಂಕಪಟ್ಟಿಯ ನಕಲು ತೆಗೆಸಲು ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ನನಗೆ ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬಳು ಚರ್ಚಿನ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಪಾಠ ಹೇಳುವ ಹದಿನಾರರ ಹುಡುಗಿ. ಇನ್ನೊಬ್ಬಳು ಆ ಶಿಬಿರದ ತಂಡದ ಮುಖ್ಯಸ್ಥೆ. ಅವಳ ಕೈಯಲ್ಲಿ ವಾರದ ವರದಿಯ ಹಾಳೆ.

“‘ಯೇಸುವನ್ನು ಒಪ್ಪಿ ಕೈ ಎತ್ತಿದ ಮಕ್ಕಳು’ ಅನ್ನೋ ಕಡೆ ಸೊನ್ನೆ ಹಾಕಿದ್ದೀಯಲ್ಲೇ!”

“ಕೈ ಎತ್ತಿ ಅಂತ ನಾನು ಕೇಳಲೇ ಇಲ್ಲ ಅಕ್ಕ.”

“ಯಾಕೆ?”

“ಸೋಮವಾರ ಆಟದಲ್ಲಿ ಮೊಸಳೆ ಯಾರಾಗ್ತೀರಿ ಅಂದೆ. ಇಪ್ಪತ್ತೆರಡು ಮಕ್ಕಳೂ ಕೈ ಎತ್ತಿದ್ರು. ಒಬ್ಬನಂತೂ ಎರಡೂ ಕೈ.”

“ತಮಾಷೆ ಸಾಕು. ಇಪ್ಪತ್ತು ಅಂತ ಬರಿ. ಪಾಸ್ಟರ್ ಈ ಸೊನ್ನೆ ನೋಡಿದ್ರೆ ಮುಂದಿನ ವಾರ ನಿನ್ನ ಪಾಠಕ್ಕೇ ಕಲ್ಲು ಬೀಳುತ್ತೆ.”

“ಅವು ನನ್ನ ಮುಖ ನೋಡಿ ಕೈ ಎತ್ತೋ ಮಕ್ಕಳು. ಅದನ್ನ ದೇವರ ಲೆಕ್ಕಕ್ಕೆ ಬರೆಯಲ್ಲ.”

“ಹಾಗಾದ್ರೆ ಅಡುಗೆಮನೇಲಿ ಲೋಟ ತೊಳ್ಕೊಂಡಿರು!”

“ತೊಳೀತೀನಿ.”

“ಎಷ್ಟು ಕಾಪಿ?” ಅಂಗಡಿಯವನು ಕೇಳಿದ.

ಹುಡುಗಿ ಮುಖ್ಯಸ್ಥೆಯ ಕೈಯಿಂದ ಹಾಳೆ ತೆಗೆದು ಮುಂದಿಟ್ಟಳು.

“ಮೂರು. ಇದ್ದದ್ದು ಇದ್ದ ಹಾಗೇ ಬರ್ಲಿ ಅಣ್ಣ.”

ಬಿಸಿ ಹಾಳೆಗಳನ್ನು ಎದೆಗವಚಿಕೊಂಡು ಹುಡುಗಿ ಹೊರಟಳು. ಮುಖ್ಯಸ್ಥೆ ದುಡ್ಡು ಕೊಟ್ಟು ಅವಳ ಹಿಂದೆಯೇ ನಡೆದಳು.